ಎಂಟನೆಯ ಪದ್ಯ

ಶಿಸ್ತಿನಿಂದ ಬದುಕಿದವನಿಗೆ ನಗೆಪಾಟಲು ತಪ್ಪಬೇಕು. ನನಗೆ ಎಂದೂ ತಪ್ಪಲಿಲ್ಲ. ನಾನು ಪ್ರೌಢಶಾಲೆಗಳಲ್ಲಿ ಸಂಸ್ಕೃತ ಬೋಧಿಸಿದವನು. ವಿಭಕ್ತಿಗಳನ್ನು ಕೋಷ್ಟಕದಿಂದ ಉರುಹೊಡೆಸದೆ, ಸಂಬೋಧನೆಯೂ ಸೇರಿ ಒಂದೊಂದಕ್ಕೆ ಒಂದರಂತೆ ಎಂಟು ಪದ್ಯ ರಚಿಸಿ, ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ನಿವೃತ್ತನಾದ ಮೇಲೆ ನನ್ನ ಕಿವಿ ಬೇರೇನನ್ನೂ ಬಯಸಿಲ್ಲ.

೧. ಗುಬ್ಬಿ

ತೊಂಬತ್ತರ ದಶಕದ ಆರಂಭ. ಎಂಟೂ ಪದ್ಯಗಳನ್ನು ಎರಡು ಸಲ ಹೇಳಿದರೆ ಪೀರಿಯಡ್ ಮುಗಿಯುತ್ತದೆಂದು ಶಾಲೆಯ ಜವಾನ ಕಂಡುಕೊಂಡಿದ್ದ. ಅದನ್ನು ಕೇಳಿಯೇ ಗಂಟೆ ಬಾರಿಸುತ್ತಿದ್ದ. ಇದನ್ನು ಅರಿತ ಮಕ್ಕಳು ಒಂದು ದಿನ ಕುದುರೆಯ ಓಟದಲ್ಲಿ ಹೇಳಿದರು. ಅರ್ಧ ಗಂಟೆಗೇ ಜವಾನ ಗಂಟೆ ಬಾರಿಸಿದ. ಮುಖ್ಯೋಪಾಧ್ಯಾಯರು ಧಾವಿಸಿ ಬಂದು ಅವನನ್ನು ಗದರಿದರು.

"ಗೋಡೆ ಮೇಲೆ ಗಡಿಯಾರ ಇಲ್ವೇನಯ್ಯ?"

"ಗಡಿಯಾರ ತಪ್ಪಾಗ್ಬೋದು ಸಾರ್. ಈ ಮೇಷ್ಟ್ರು ತಪ್ಪಲ್ಲ."

೨. ಕುಣಿಗಲ್

ಮನೆಯಲ್ಲಿ ಹಿರಿಯರ ಮುಂದೆ ಪದ್ಯ ಒಪ್ಪಿಸಬೇಕೆಂಬುದು ನನ್ನ ನಿಯಮ. ಬಳೆ ಅಂಗಡಿಯ ಸಾಬರ ಮಗಳು ನಿತ್ಯ ತಾಯಿಗೆ ಒಪ್ಪಿಸುತ್ತಿದ್ದಳು. ಪರೀಕ್ಷೆಯ ವಾರ ಆ ತಾಯಿಯೇ ಶಾಲೆಗೆ ಬಂದರು.

"ಇವ್ಳಿಗೆ ಐದನೇದು ಬರಲ್ಲ ಮೇಷ್ಟ್ರೇ. ನಾನ್ ಹೇಳ್ತೀನಿ, ಮಾರ್ಕ್ಸ್ ಇವ್ಳಿಗೆ ಹಾಕಿ."

ಎಂಟನ್ನೂ ಒಂದಕ್ಷರ ತಪ್ಪದೆ ಹೇಳಿದರು. ನಿಯಮಕ್ಕೆ ವಿರುದ್ಧವೆಂದೆ.

"ಹಂಗಾದ್ರೆ ಅವ್ಳು ಅಂಗಡೀಲಿ ಕೂತ್ಕೊಳ್ಲಿ. ನಾಳೆಯಿಂದ ಕ್ಲಾಸಿಗೆ ನಾನೇ ಬರ್ತೀನಿ."

ಅಂದು ಒಪ್ಪಲಿಲ್ಲ. ಇಂದಾದರೆ ಮೊದಲ ಬೆಂಚಿನಲ್ಲೇ ಕೂರಿಸುತ್ತಿದ್ದೆ.

೩. ತುಮಕೂರು

ನಿವೃತ್ತನಾಗಿ ಮೂರು ವರ್ಷ. ಒಂದು ಪದ್ಯವೂ ಕಿವಿಗೆ ಬಿದ್ದಿರಲಿಲ್ಲ. ದವಡೆಯ ಹಲ್ಲು ಕೀಳಿಸಲು ಶಿರಾ ಗೇಟ್ ಬಳಿಯ ದಂತವೈದ್ಯರಲ್ಲಿಗೆ ಹೋದೆ. ನೋಡಿದರೆ, ನನ್ನ ಹಳೆಯ ವಿದ್ಯಾರ್ಥಿ.

"ಬಾಯಿ ತೆಗೀರಿ ಸಾರ್. ನೋವು ಗೊತ್ತಾಗ್ದಂಗೆ ನಿಮ್ ಪದ್ಯಾನೇ ಹೇಳ್ತೀನಿ."

ಇಕ್ಕಳ ಹಿಡಿದು ಮೊದಲನೆಯದನ್ನು ಆರಂಭಿಸಿದ. ಅದೇ ಲಯ, ಅದೇ ನಿಲುಗಡೆ. ಕಣ್ಣಲ್ಲಿ ನೀರು ಬಂತು. ಹಲ್ಲಿನದೆಂದು ಅವನು ತಿಳಿದ. ಏಳನೆಯದು ಮುಗಿಯುವಾಗ ಹಲ್ಲು ಕೈಗೆ ಬಂತು. ಅವನು ನಿಲ್ಲಿಸಿಬಿಟ್ಟ.

ಎಂಟನೆಯದು ಸಂಬೋಧನೆ, ಒಬ್ಬರನ್ನೊಬ್ಬರು ಕೂಗಿ ಕರೆಯುವ ಪದ್ಯ. ಕೇಳೋಣವೆಂದರೆ ಬಾಯಿಯ ತುಂಬ ಹತ್ತಿ. ರಾತ್ರಿ ನಿದ್ದೆ ಬರಲಿಲ್ಲ. ಶಿಷ್ಯನನ್ನು ಬೇಡುವುದು ನನ್ನಿಂದಾಗದು. ಮರುದಿನ ಬೆಳಿಗ್ಗೆ ಹೋಗಿ, ಜೀವಮಾನದ ಮೊದಲ ಸುಳ್ಳು ಹೇಳಿದೆ: "ಹಲ್ಲು ನೋಯುತ್ತಿದೆ."

"ಯಾವುದು ಸಾರ್?"

ಗಾಬರಿಯಲ್ಲಿ ಬೆರಳಿಟ್ಟು ತೋರಿಸಿದೆ.

ಅವನು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ.

"ಅಲ್ಲಿ ಹಲ್ಲೇ ಇಲ್ವಲ್ಲ ಸಾರ್. ನಿನ್ನೆ ನಾನೇ ಕಿತ್ತೆ."