ಬೀಗರ ಮನೆಯ ನೀರು

ಯಾರದೇ ಮನೆಗೆ ಹೋದರೂ ಕೂತ ತಕ್ಷಣ ಒಂದು ಲೋಟ ನೀರು ತಂದುಕೊಡುತ್ತಾರಲ್ಲ, ಆಗ ನನ್ನ ಎದೆ ಢವಢವ ಅನ್ನುತ್ತದೆ. ಕೊಟ್ಟವರ ಮುಖ ನೋಡುತ್ತೇನೆ, ಲೋಟ ನೋಡುತ್ತೇನೆ, ಲೋಟದ ತಳ ನೋಡುತ್ತೇನೆ. ಆಮೇಲೆ, "ಬೇಡಿ, ಈಗಷ್ಟೇ ಕುಡಿದು ಬಂದೆ" ಅಂತ ಸುಳ್ಳು ಹೇಳುತ್ತೇನೆ. ಈ ಮಾತಿಗೆ ಬೇರೆ ಅರ್ಥವೂ ಇದೆ ಅಂತ ನನಗೆ ಹೊಳೆದದ್ದು, ಹೆಂಡತಿಯ ದೊಡ್ಡಮ್ಮ ಮೂಗಿಗೆ ಸೆರಗು ಅಡ್ಡ ಹಿಡಿದುಕೊಂಡ ಮೇಲೆಯೇ.

ತಪ್ಪು ನನ್ನ ಕೆಲಸದ್ದು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಲಾರಿಯಲ್ಲಿ ಬಂದ ಮಾಲನ್ನು ತೂಗದೆ, ತೆರೆದು ನೋಡದೆ ಸಹಿ ಹಾಕುವ ಹಾಗಿಲ್ಲ. ಇಪ್ಪತ್ತೆಂಟು ವರ್ಷ ಹೀಗೆ ಕಳೆದವನಿಗೆ ಒಂದು ಲೋಟ ನೀರೂ ಒಂದು ಲೋಡು ಮಾಲಿನ ಹಾಗೇ ಕಾಣುತ್ತದೆ. ಮರಳೂರಿನ ನಮ್ಮ ಮನೆಯ ಬೋರ್ ನೀರು ಗಡಸು, ಕಾಯಿಸಿದರೆ ಪಾತ್ರೆಯ ತಳದಲ್ಲಿ ಬೆಳ್ಳಗೆ ಕೂರುತ್ತದೆ. ಹಾಗಾಗಿ ಐದು ವರ್ಷದ ಹಿಂದೆ ಅಡುಗೆಮನೆಗೆ ಆರ್‌ಓ ಫಿಲ್ಟರ್ ಹಾಕಿಸಿದೆ. ಜೊತೆಗೆ ಪೆನ್ನಿನ ಆಕಾರದ ಒಂದು ಮೀಟರನ್ನೂ ಕೊಂಡೆ. ನೀರಿಗೆ ಅದ್ದಿದರೆ ಸಾಕು, ಅದರಲ್ಲಿ ಲವಣ ಎಷ್ಟು ಕರಗಿದೆ ಅಂತ ಅಂಕಿ ತೋರಿಸುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ನೀರು ಒಳ್ಳೆಯದು ಅಂತ ನನ್ನ ಲೆಕ್ಕ. ಫಿಲ್ಟರ್ ಹಾಕಿಸಿದ ದಿನ ನಮ್ಮ ಮನೆ ನೀರು ನಲವತ್ತು ತೋರಿಸಿತು. ಅಲ್ಲಿಗೆ ನಮ್ಮ ಮನೆಯ ವಿಚಾರ ಮುಗಿಯಿತು. ಅನುಮಾನವೆಲ್ಲ ಊರಿನವರ ನೀರಿನ ಮೇಲೆ ತಿರುಗಿತು.

ಗುಬ್ಬಿಯಲ್ಲಿ ನನ್ನ ಷಡ್ಡಕನ ತೋಟವಿದೆ. ಒಮ್ಮೆ ಅವನ ಮನೆಯಲ್ಲಿ, "ಕಾಯಿಸಿದ ನೀರೇನಪ್ಪ?" ಅಂತ ಕೇಳಿದ್ದಕ್ಕೆ ಅವನು ಮುಖ ಊದಿಸಿಕೊಂಡು, "ಬುಡು, ನಿಂಗೆ ನೀರೇ ಬ್ಯಾಡ" ಅಂತ ಎಳನೀರು ಕೆತ್ತಿಕೊಟ್ಟ. ಅವನು ಆ ಕಡೆ ತಿರುಗಿದಾಗ ನಾನು ಅದರೊಳಗೂ ಮೀಟರ್ ಅದ್ದಿದೆ. ಅಂಕಿ ಸಾವಿರ ದಾಟಿ ಓಡತೊಡಗಿತು. ಎಳನೀರಿನಲ್ಲಿ ಲವಣ ಇರುವುದೇ ಅದರ ಗುಣ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಳನೀರನ್ನು ಹಿತ್ತಲಿಗೆ ಸುರಿದಾಗಿತ್ತು, ಷಡ್ಡಕ ಅದನ್ನು ಕಿಟಕಿಯಿಂದ ನೋಡಿಯೂ ಆಗಿತ್ತು. ಈಗಲೂ ಅವನು ನನ್ನ ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನನ್ನ ಮಗಳು ಚೈತ್ರ, ಕಳೆದ ತಿಂಗಳು ನಾವು ಕುಣಿಗಲ್‌ಗೆ ಹೊರಟಾಗ ಬಾಗಿಲಲ್ಲೇ ನನ್ನನ್ನು ತಡೆದಳು. ಅವಳಿಗೆ ನೋಡಿದ್ದ ಹುಡುಗ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಅವನ ಮನೆಯವರು ಬಂದು ಇವಳನ್ನು ಒಪ್ಪಿ ಹೋಗಿದ್ದರು. ಇವಳಿಗೂ ಅವನು ಇಷ್ಟವಾಗಿದ್ದ. ನಾವು ಹೋಗಿ ಅವರ ಮನೆ ನೋಡಿಕೊಂಡು ಬರುವುದೊಂದು ಬಾಕಿ. "ಅಪ್ಪಾ, ಅಲ್ಲಿ ಆ ಮೀಟರ್ ಮಾತ್ರ ತೆಗೀಬೇಡ. ನಿನ್ ಕಾಲಿಗೆ ಬೀಳ್ತೀನಿ" ಅಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ಭಯ ಇತ್ತು. "ಛೆ, ನಾನೇನು ಮಗುನಾ?" ಅಂದೆ. ಮೀಟರ್ ಆಗಲೇ ಜೇಬಿನಲ್ಲಿತ್ತು, ಬರೆಯುವ ಪೆನ್ನಿನ ಪಕ್ಕ.

ಕುಣಿಗಲ್‌ನ ಮನೆ ಚೆನ್ನಾಗಿತ್ತು. ಹುಡುಗನ ತಂದೆ ನನ್ನನ್ನು ಹಜಾರದಲ್ಲಿ ಕೂರಿಸಿದರು. ಮೂಲೆಯ ಮಂಚದ ಮೇಲೆ ಹುಡುಗನ ಅಜ್ಜಿ ಕೂತಿದ್ದರು. ನನ್ನ ಹೆಂಡತಿ ಗಿರಿಜ ಹೆಂಗಸರ ಜೊತೆ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹುಡುಗನ ತಾಯಿ ಎಲ್ಲರಿಗೂ ನೀರು ತಂದಿಟ್ಟು, ತಿಂಡಿ ತರಲು ಒಳಗೆ ಹೋದರು. ತಂದೆಯೂ ಮಗನೂ ಫ್ಯಾನಿನ ಸ್ವಿಚ್ಚಿನ ಹತ್ತಿರ ಏನೋ ನೋಡುತ್ತಿದ್ದರು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮೀಟರ್ ಅದ್ದಿದೆ. ಎಂಟುನೂರ ಹನ್ನೆರಡು!

"ಯಾಕಪ್ಪ, ನೀರಿನ್ ಮೇಲೆ ಏನ್ ಬರೀತಿದೀಯ?" ಅಂತ ಅಜ್ಜಿ ಕೇಳಿದರು.

ಒಳಗಿಂದ ಆಗಷ್ಟೇ ಬಂದ ಹೆಂಗಸರೂ ಸೇರಿ ಎಲ್ಲರೂ ತಿರುಗಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಬೇಜಾರ್ ಮಾಡ್ಕೋಬೇಡಿ" ಅಂದೆ. "ಈ ನೀರು ಕುಡಿಯೋ ಹಂಗಿಲ್ಲ. ನಾಳೆ ನನ್ ಮಗಳು ಇದನ್ನೇ ಕುಡೀಬೇಕಲ್ಲ, ಅದಕ್ಕೆ ಹೇಳ್ಬಿಟ್ಟೆ."

ಹುಡುಗನ ಕಿವಿ ಕೆಂಪಾಯಿತು. ತಂದೆ ಹೆಂಡತಿಯ ಮುಖ ನೋಡಿದರು. ಖಾರಸೇವೆ ತಟ್ಟೆ ಹಿಡಿದು ನಿಂತಿದ್ದ ಆಕೆ ನನ್ನ ಹೆಂಡತಿಯ ಮುಖ ನೋಡಿದರು. ನನ್ನ ಹೆಂಡತಿ ನೆಲ ನೋಡಿದಳು.

"ಅಣ್ಣ, ಅದು ನಮ್ಮನೆ ನೀರಲ್ಲ" ಅಂದರು ಹುಡುಗನ ತಾಯಿ, ಮೆಲ್ಲಗೆ. "ಅವ್ರಿಗೆ ಬೇರೆ ನೀರು ಒಗ್ಗಲ್ಲ ಅಂತ ಗಿರಿಜಕ್ಕ ಬ್ಯಾಗಿಂದ ಬಾಟ್ಲಿ ತೆಗೆದು ಕೊಟ್ರು. ಅದನ್ನೇ ನಿಮ್ ಲೋಟಕ್ಕೆ ಬಗ್ಗಿಸ್ದೆ. ನಿಮ್ಮನೇದೇ ನೀರು."

ಹುಡುಗ ತನ್ನ ಲೋಟವನ್ನು ನನ್ನ ಮುಂದೆ ಇಟ್ಟು, "ಸಾರ್, ಇದನ್ನೂ ಒಂದ್ಸಲ ನೋಡ್ಬಿಡಿ. ಬೀದಿ ಕೊನೇಲಿರೋ ಶುದ್ಧ ನೀರಿನ ಘಟಕದಿಂದ ತಂದಿದ್ದು" ಅಂದ. ನೋಡಿದೆ. ಐವತ್ತೆರಡು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಫಿಲ್ಟರ್ ಸರ್ವೀಸಿನವನು ಮೂರು ವರ್ಷದಿಂದ ವರ್ಷಕ್ಕೊಮ್ಮೆ ಬಂದು, "ಒಳಗಿನ ಪೊರೆ ಹೋಗಿದೆ ಸಾರ್, ಬದಲಾಯಿಸ್ಬೇಕು" ಅನ್ನುತ್ತಿದ್ದ. ಇವನೊಬ್ಬ ದುಡ್ಡು ಕೀಳುವವನು ಅಂತ ಮೂರು ಸಲವೂ ಗೇಟಿನಿಂದಲೇ ಓಡಿಸಿದ್ದೆ. ಅಂದರೆ ಎಷ್ಟೋ ಕಾಲದಿಂದ ನಾವು ಕುಡಿಯುತ್ತಿದ್ದದ್ದು ಅದೇ ಬೋರ್ ನೀರು. ಗೋಡೆಯ ಮೇಲಿನ ಡಬ್ಬಿಯೊಳಗೆ ಒಂದು ಸುತ್ತು ಹಾಕಿ ಬರುತ್ತಿತ್ತು, ಅಷ್ಟೇ.

ಕುಣಿಗಲ್ ಕೆರೆ ದೊಡ್ಡದು ಅನ್ನುತ್ತಾರೆ. ನನ್ನ ನಾಚಿಕೆ ಮುಳುಗಿಸಲು ಅದೂ ಸಾಲದು ಅನಿಸಿತು. ಮಗಳ ಮುಖ ಕಣ್ಣ ಮುಂದೆ ಬಂತು. "ನಂದೇ ತಪ್ಪು, ನಾವಿನ್ನು ಬರ್ತೀವಿ" ಅಂತ ಎದ್ದೆ.

"ಕೂತ್ಕೊಳಪ್ಪ" ಅಂದರು ಅಜ್ಜಿ. ಆಮೇಲೆ ಮಗನ ಕಡೆ ತಿರುಗಿ, "ಏನ್ಲಾ, ಇನ್ನೇನ್ ಯೋಚ್ನೆ? ಇಂಥ ಅಪ್ಪನ್ ಜೊತೆ ಇಷ್ಟು ವರ್ಷ ಬಾಳಿರೋ ಹುಡುಗಿ, ನಮ್ ಜೊತೆ ಹೊಂದ್ಕೊಳಲ್ವಾ? ದಿನ ನೋಡ್ಸು" ಅಂದರು.

ಹುಡುಗ ಮೊದಲು ನಕ್ಕ. ಆಮೇಲೆ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು. ವಾಪಸು ಬರುವಾಗ ಬಸ್ಸು ಹೆಬ್ಬೂರು ದಾಟಿತು. ನೋಡಿದರೆ ಅವಳೂ ಕಿಟಕಿ ಕಡೆ ಮುಖ ಮಾಡಿ ನಗುತ್ತಿದ್ದಳು, ಭುಜ ಕುಲುಕುತ್ತಿದ್ದದ್ದು ಕಾಣಿಸುತ್ತಿತ್ತು.

ಮದುವೆ ನಿಶ್ಚಯವಾಗಿದೆ. ಮಗಳಿಗೆ ಅಪ್ಪನ ಕಡೆಯಿಂದ ಏನು ಕೊಟ್ಟು ಕಳಿಸುತ್ತೀರಿ ಅಂತ ನೆಂಟರು ಕೇಳುತ್ತಿದ್ದಾರೆ. ತಾಳ್ಮೆ ಅನ್ನುತ್ತೇನೆ. ಅವಳಲ್ಲಿ ಅದನ್ನು ಬೆಳೆಸಿದವನು ನಾನೇ ಅಲ್ಲವೇ?