ಅಳಲು ಅಪಾಯಿಂಟ್‌ಮೆಂಟ್ ಕೊಟ್ಟ ಕಾಕಾ

ನಮ್ಮ ಗೊಬ್ಬೂರಿನಲ್ಲಿ ಹುಟ್ಟಿದವರ ಪೈಕಿ ಅಳುವುದಕ್ಕೂ ಅಪಾಯಿಂಟ್‌ಮೆಂಟ್ ಕೊಡುವ ಆಸಾಮಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬನೇ! ಉತ್ಪ್ರೇಕ್ಷೆ ಅನ್ನುತ್ತೀರಾ? ನನಗೇ ಕೊಟ್ಟಿದ್ದಾನೆ, ಮಂಗಳವಾರ ಸಂಜೆ ನಾಲ್ಕಕ್ಕೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಾನು ಹುಟ್ಟುವ ಮೊದಲೇ ಹಾಲೆಂಡಿಗೆ ಹೋಗಿ, ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವ ಕಡೆ ಕೆಲಸಕ್ಕೆ ಸೇರಿ, ಒಂಟಿಯಾಗಿ ಅಲ್ಲೇ ಉಳಿದವನು. ಕಳೆದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಬೆಳಗ್ಗೆ ಜೀವ ಹೋಯಿತು, ಸಂಜೆಗೆ ಮಣ್ಣಾಯಿತು. ಕೈ ತೋರಿಸಿದರೆ ನಿಲ್ಲುವುದಕ್ಕೆ ವಿಮಾನವೇನು ಚೌಡಾಪುರದ ಟಂಟಂ ಗಾಡಿಯೇ? ಕಾಕಾನಿಗೆ ಬರಲಾಗಲಿಲ್ಲ. ಫೋನಿನಲ್ಲಿ "ಹೂಂ" ಅಂದ, ಅಷ್ಟೆ. ಎಂಥ ಕಲ್ಲಿನಂಥ ಮನುಷ್ಯ ಎಂದು ಊರವರು ಆಡಿಕೊಂಡರು. ಅವ್ವ ಮಾತ್ರ ಹಾಗನ್ನಲಿಲ್ಲ. ಬೇಸಿಗೆ ರಜೆಗೆ ನನ್ನನ್ನು ಅವನಲ್ಲಿಗೆ ಕಳಿಸುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತ ಹೇಳಿದಳು: "ಅಂವಾ ಇನ್ನಾ ಅತ್ತಿಲ್ಲ ಬೇ. ನಾವೆಲ್ಲಾ ಒಬ್ಬರ ಮುಂದ ಒಬ್ಬರು ಅತ್ತು ಹಗುರಾದ್ವಿ. ಅಂವಗ ಅಲ್ಲಿ ಯಾರ ಅದಾರ? ನೀ ಹೋಗಿ ಅಳಸಿ ಬಾ."

ಇಂಥ ಕೆಲಸಕ್ಕೆ ಯಾರಾದರೂ ವೀಸಾ ತೆಗೆಸಿದ್ದುಂಟೇ?

ಹೋದ ದಿನವೇ ಕಾಕಾ ಕಾಫಿ ಮಾಡಿ ಬಿಸ್ಕೀಟಿನ ಡಬ್ಬಿ ಮುಂದೆ ಹಿಡಿದ. ಒಂದು ತೆಗೆದುಕೊಂಡೆ. ಟಪ್! ಮುಚ್ಚಳ ಬಿತ್ತು. ಇನ್ನೊಂದಕ್ಕೆ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಇಲ್ಲಿ ಒಂದೇ ತಗೋತಾರ ಬೇ."

ಮನೆಗೆ ಬಂದವರು ಬೇಡವೆಂದರೂ ತಾಟಿಗೆ ರೊಟ್ಟಿ ಎಸೆಯುವ ವಂಶದವನು ಆಡುವ ಮಾತೇ ಇದು! ಆರು ಗಂಟೆಗೆ ಊಟ. ಏಳಕ್ಕೆ ಹಸಿವಾದರೆ ಅದು ನಿಮ್ಮ ಹಣೆಬರಹ. ಬೀದಿಗೆ ಮುಖ ಮಾಡಿದ ಆಳೆತ್ತರದ ಕಿಟಕಿಗೆ ಪರದೆ ಇತ್ತು, ಆದರೆ ಎಳೆಯುವಂತಿಲ್ಲ. ನಾವು ಉಣ್ಣುವುದನ್ನು ಸೈಕಲ್ಲಿನಲ್ಲಿ ಹೋಗುವವರೆಲ್ಲ ನೋಡಬಹುದು.

"ಪರದೆ ಎಳದ್ರ ಒಳಗ ಏನೋ ಮುಚ್ಚಿಡಾಕತ್ತಾರಂತ ತಿಳೀತಾರ," ಎಂದ ಕಾಕಾ.

ಒಂದು ಮಧ್ಯಾಹ್ನ ಬೇಸರವಾಗಿ ಪಕ್ಕದ ಮನೆಯ ಅಜ್ಜಿಗೆ ರೊಟ್ಟಿ ಕೊಟ್ಟು ಬರಲು ಹೋದೆ. ಊರಿನಲ್ಲಿ ಮಾಡುವುದೇ ಹಾಗಲ್ಲವೇ? ಆಕೆ ಬಾಗಿಲನ್ನು ಅರ್ಧ ತೆರೆದು, ಗಡಿಯಾರ ನೋಡಿ, ಬಹಳ ನಯವಾಗಿ ಇಂಗ್ಲಿಷಿನಲ್ಲಿ, "ಗುರುವಾರ ಆಗಬಹುದೇ?" ಎಂದಳು. ವಿಷಯ ತಿಳಿದು ಕಾಕಾ ಬೆವತ. "ಹೇಳದ ಹೋದ್ಯಾ?" ಎಂದು ಅವನು ಕೇಳಿದ ಧಾಟಿಗೆ, ನಾನು ಆ ಅಜ್ಜಿಯ ಮನೆಗೆ ಕನ್ನ ಹಾಕಿ ಬಂದೆನೇನೋ ಎಂದು ನನಗೇ ಅನುಮಾನವಾಯಿತು!

ಇಂಥವನ ಮುಂದೆ ಅಪ್ಪನ ಮಾತು ತೆಗೆಯುವುದು ಹೇಗೆ? ಧೈರ್ಯ ಮಾಡಿ ಹೇಳಿದೆ: "ಕಾಕಾ, ಅಪ್ಪಂದು ಮಾತಾಡೂದದ."

ಅವನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. "ಮಂಗಳವಾರ ನಾಕಕ್ಕ ಕೂಡೂಣು. ಅಳೂದಿದ್ರೂ ಆವಾಗೇ."

ಮಂಗಳವಾರ ಬಂತು. ಕಾಫಿ ಬಂತು, ಒಂದು ಬಿಸ್ಕೀಟು ಬಂತು. ಕಾಕಾ ಮಳೆಯ ಬಗ್ಗೆ ಹೇಳಿದ, ಟೊಮೆಟೊ ಬಗ್ಗೆ ಹೇಳಿದ, ಮತ್ತೆ ಮಳೆಗೆ ಬಂದ. ಅಪ್ಪನ ಸುದ್ದಿ ಎಲ್ಲಿ ಬಂದೀತೋ ಎಂದು ನನ್ನ ಮುಖವನ್ನೇ ನೋಡಲಿಲ್ಲ. ಐದು ಹೊಡೆಯಿತು. "ಆತಿಲ್ಲ?" ಎಂದು ಎದ್ದು ಕಪ್ಪು ತೊಳೆದಿಟ್ಟ. ನಾನು ಮಾಳಿಗೆಯ ಕೋಣೆಗೆ ಹೋಗಿ ಒಬ್ಬಳೇ ಅತ್ತೆ. ಅವ್ವನಿಗೆ ಏನು ಹೇಳಲಿ?

ಅಷ್ಟರಲ್ಲಿ ಜೂನ್ ಒಂದು ಬಂತು. ನಮ್ಮ ಕಡೆ ಹಿಂದೆ ಹುಟ್ಟಿದ ದಿನ ಯಾರಿಗೆ ಗೊತ್ತಿತ್ತು? ಶಾಲೆಗೆ ಸೇರಿಸುವಾಗ ಮಾಸ್ತರರು ಅಪ್ಪನಿಗೆ ಜೂನ್ ಒಂದು ಎಂದು ಬರೆದರು, ಕೆಲವು ವರ್ಷ ಬಿಟ್ಟು ಕಾಕಾನಿಗೂ ಅದನ್ನೇ ಬರೆದರು. ಅರ್ಧ ಊರು ಹುಟ್ಟಿದ್ದೇ ಅವತ್ತು! ಹಾಲೆಂಡಿನ ನೆರೆಯವರು ಮಾತ್ರ ಇವರಿಬ್ಬರನ್ನೂ ಅವಳಿ ಜವಳಿ ಎಂದೇ ನಂಬಿದ್ದರು. ಅಲ್ಲಿ ಹುಟ್ಟುಹಬ್ಬ ಎಂದರೆ ಕುರ್ಚಿಗಳನ್ನು ದುಂಡಗೆ ಹಾಕಿ ಕೂರುವುದು. ಹುಟ್ಟಿದವನಿಗಷ್ಟೇ ಅಲ್ಲ, ಅವನ ಮನೆಯವರಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳುವುದು. ಪ್ರತಿ ವರ್ಷ ಕಾಕಾ ಒಂದು ಕುರ್ಚಿಯ ಮೇಲೆ ಫೋನು ನಿಲ್ಲಿಸಿರುತ್ತಿದ್ದ. ಅದರೊಳಗಿಂದ ನಮ್ಮ ಅಪ್ಪ, ಅಷ್ಟೂ ಮಂದಿಗೆ, "ಆರಾಮ್ ಇದ್ದೀರೇನ್ರಿ? ರೊಟ್ಟಿ ಉಂಡು ಹೋಗ್ರಿ!" ಎಂದು ಕೂಗುತ್ತಿದ್ದ.

ಅವತ್ತೂ ಕಾಕಾ ಕುರ್ಚಿ ಹಾಕಿದ. ನಾನು ಒಂದರ ಮೇಲೆ ಕೂರಲು ಹೋದೆ.

"ಅದರ ಮ್ಯಾಲ ಬ್ಯಾಡ ಬೇ. ಅದು ಅಣ್ಣಂದು."

ಎಂದಿನ ದನಿಯಲ್ಲೇ ಹೇಳಿ ಕೇಕು ತರಲು ಒಳಗೆ ಹೋದ. ಆಗ ನನಗೆ ಹೊಳೆಯಿತು: ಅಪ್ಪ ಹೋದದ್ದನ್ನು ಆ ಬೀದಿಯಲ್ಲಿ ಅವನು ಯಾರಿಗೂ ಹೇಳಿಯೇ ಇರಲಿಲ್ಲ.

ಹೇಳಿದ ಸಮಯಕ್ಕೆ ಸರಿಯಾಗಿ ಎಲ್ಲರೂ ಬಂದರು. ಪಕ್ಕದ ಮನೆಯ ಅಜ್ಜಿ ನನ್ನ ಎರಡೂ ಕೈ ಹಿಡಿದು, "ನಿನ್ನ ಅಪ್ಪನ ಹುಟ್ಟುಹಬ್ಬಕ್ಕೆ ಅಭಿನಂದನೆ," ಎಂದಳು. ಥ್ಯಾಂಕ್ಸ್ ಅಂದೆ. ಮತ್ತೇನು ಅನ್ನಲಿ? ಕೇಕು ಮುಗಿಯಿತು. ಅಜ್ಜಿ ಖಾಲಿ ಕುರ್ಚಿಯ ಕಡೆ ನೋಡಿ, ಅಪ್ಪನಿಂದಲೇ ಕಲಿತಿದ್ದ ಒಂದೇ ಒಂದು ಕನ್ನಡ ಮಾತನ್ನು ನಗುತ್ತ ಅಂದಳು: "ಆರಾಮ್ರಿ?" ಆಮೇಲೆ, ಇವತ್ತು ಫೋನು ಯಾಕೆ ಇಲ್ಲ ಎಂದು ಕಾಕಾನನ್ನು ಕೇಳಿದಳು.

ಕಾಕಾ ಬಿಸ್ಕೀಟಿನ ಡಬ್ಬಿ ಹಿಡಿದು ನಿಂತಿದ್ದ. ಉತ್ತರ ಹೇಳಲು ಬಾಯಿ ತೆರೆದ. ಆ ದೇಶದ ಭಾಷೆ ಬರಲಿಲ್ಲ.

"ಯಣ್ಣಾ..."

ಡಬ್ಬಿ ಬಿತ್ತು, ಬಿಸ್ಕೀಟು ಚೆಲ್ಲಿದವು. ಕಾಕಾ ಆ ಕುರ್ಚಿಯ ಮುಂದೆ ಕುಸಿದು, ಅದರ ಮೇಲೆ ತಲೆಯಿಟ್ಟು, ನಮ್ಮೂರಿನಲ್ಲಿ ಹೆಣದ ಮುಂದೆ ಅಳುವ ಹಾಗೆ ಹಾಡಿ ಹಾಡಿ ಅತ್ತ. "ಮಣ್ಣಿಗೂ ಬರಲಿಲ್ಲಲ್ಲೋ ಯಣ್ಣಾ, ನಿನ್ನ ಮಾರಿ ಸುದ್ದಾ ನೋಡಲಿಲ್ಲಲ್ಲೋ!"

ಕೂತವರಿಗೆ ಏನೂ ತಿಳಿಯಲಿಲ್ಲ. ನಾನೇ ಇಂಗ್ಲಿಷಿನಲ್ಲಿ ಹೇಳಿದೆ, ಅಪ್ಪ ಚಳಿಗಾಲದಲ್ಲೇ ಹೋದ ಎಂದು. ಅಜ್ಜಿ ಎದ್ದಳು. ಕಾಕಾನ ಹತ್ತಿರ ಬರಲಿಲ್ಲ, ಕಿಟಕಿಯ ಹತ್ತಿರ ಹೋದಳು. ವರ್ಷಗಟ್ಟಲೆ ಎಳೆಯದೆ ಬಿಗಿದುಹೋಗಿದ್ದ ಪರದೆಯನ್ನು ಎರಡೂ ಕೈಯಿಂದ ಜಗ್ಗಿ ಜಗ್ಗಿ ಪೂರ್ತಿ ಮುಚ್ಚಿದಳು. ಆಮೇಲೆ ಬಂದು, ನೆಲದ ಮೇಲೆ ಅವನ ಪಕ್ಕದಲ್ಲಿ ಕೂತಳು. ಹೋಗುವ ಹೊತ್ತಾದರೂ ಯಾರೂ ಗಡಿಯಾರ ನೋಡಲಿಲ್ಲ.

ಅವರೆಲ್ಲ ಹೋದ ಮೇಲೆ ಊರಿಗೆ ಫೋನು ಮಾಡಿದೆ.

"ಅವ್ವಾ, ಕಾಕಾ ಅತ್ತ."

ಆ ಕಡೆ ಅವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಹೌದಾ? ಹಂಗಾರ ಇನ್ನ ಉಣ್ಣಾಕ ಹಾಕು ಬೇ. ಭಾಳ ದಿನದ್ದು ಹಸದಿರ್ತಾನ."