ಬಿಸ್ಕೀಟಿನಷ್ಟು ಮಿದುಳಿಗೆ ಐದಡಿ ಕೊಳವೆ

ನಮ್ಮ ಕಾಕಾ ಯಾರ ಮುಖವನ್ನೂ ನೆಟ್ಟಗೆ ನೋಡಿದವರಲ್ಲ. ಸೊಕ್ಕು ಅಂದುಕೊಂಡಿರಾ? ಛೇ! ಅವರ ಕಣ್ಣು ಸದಾ ಛಾವಣಿಯ ಮೇಲೆ. ಅಂಧೇರಿಯ ಒಂದು ಕಂಪನಿಯಲ್ಲಿ ಅವರದು ಆಫೀಸುಗಳಿಗೆ ಡಕ್ಟ್ ಕೂಡಿಸುವ ಕೆಲಸ. ಡಕ್ಟ್ ಅಂದರೆ ಏರ್ ಕಂಡಿಷನ್ನಿನ ತಂಪುಗಾಳಿ ಹರಿದು ಬರುವ ತಗಡಿನ ಕೊಳವೆ. ಮದುವೆಗೆ ಹೋದರೂ ಅಷ್ಟೇ, ವಧೂವರರನ್ನು ಬಿಟ್ಟು ಮಂಟಪದ ಮಾಡು ನೋಡಿ ಬರುತ್ತಾರೆ. ಧಾರವಾಡದಲ್ಲಿ ತಮಗೇ ಹೆಣ್ಣು ನೋಡಿ ಬಂದ ದಿನ ಅಜ್ಜಿ, "ಹುಡುಗಿ ಹೆಂಗದಾಳೋ?" ಎಂದು ಕೇಳಿದರೆ, "ಎದುರಾಬದುರಾ ಕಿಟಕಿ ಅವ. ಛಲೋ ತಂಪದ" ಎಂದರಂತೆ!

ಆ ತಂಪು ಮನೆಯ ಹುಡುಗಿಯೇ ನಮ್ಮ ಕಾಕು. ಮದುವೆಯಾಗಿ ಬಂದು ಬಿದ್ದದ್ದು ದಹಿಸರಿನ ಮೂರನೇ ಮಾಳಿಗೆಯ, ಒಂದೇ ಕಿಟಕಿಯ ಕೋಣೆಗೆ. ಅದೇ ಕೋಣೆಯಲ್ಲಿ ನಾನೂ ಕಾಲೇಜು ಓದುವ ನೆಪದಲ್ಲಿ ಠಿಕಾಣಿ ಹೂಡಿದ್ದೆ. ಎರಡು ವರ್ಷದಲ್ಲಿ ಬಿಲ್ಡಿಂಗಿನ ಸೆಕ್ರೆಟರಿ, ಹಾಲಿನ ಭೈಯಾ, ನಮ್ಮ ಪ್ರಿನ್ಸಿಪಾಲರು, ಎಲ್ಲರ ದನಿಯನ್ನೂ ಅಣಕಿಸಲು ಕಲಿತೆ. ಕಲಿಯದೆ ಉಳಿದದ್ದು ಪಾಠ ಒಂದೇ.

ಕಾಕು ಬಾಂದ್ರಾದ ಆಫೀಸೊಂದರಲ್ಲಿ ಟೈಪಿಸ್ಟ್. ಆ ವರ್ಷ ಅಲ್ಲಿ ನೋಟೀಸು ಹಚ್ಚಿದರು: ಟೈಪ್‌ರೈಟರ್ ಹೊರಗೆ, ಕಂಪ್ಯೂಟರ್ ಒಳಗೆ. ಮೇ ಕೊನೆಗೆ ಪರೀಕ್ಷೆ. ಪಾಸಾದವರು ಬಾಂದ್ರಾದಲ್ಲೇ, ಫೇಲಾದವರು ನಾಗಪುರದ ಗೋಡೌನಿಗೆ. ಗಂಡ ಇಲ್ಲಿ, ಹೆಂಡತಿ ಅಲ್ಲಿ! ಕಾಕು ಹೇಳಿ ಮುಗಿಸಿ ಗಂಡನ ಮುಖ ನೋಡಿದರು. ಕಾಕಾ ಮಾಡು ನೋಡುತ್ತಾ ಕೇಳಿದರು:

"ನಾಗಪುರದಾಗ ಕೊಡೋ ಖೋಲಿಗೆ ಕಿಟಕಿ ಎಷ್ಟು?"

ಕಾಕು ಲಟ್ಟಣಿಗೆ ಕೈಗೆತ್ತಿಕೊಂಡರು. ಅವತ್ತು ರಾತ್ರಿ ಊಟಕ್ಕೆ ಚಪಾತಿ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ!

ಮುಂದಿನ ವಾರ ಕಾಕಾ, ಯಾವುದೋ ಮುಚ್ಚಿಹೋದ ಆಫೀಸಿನ ಹಳೆಯ ಕಂಪ್ಯೂಟರ್ ತಂದು ಊಟದ ಮೇಜಿನ ಮೇಲಿಟ್ಟರು. ಅಂದಿನಿಂದ ನಾವು ನೆಲಕ್ಕಿಳಿದೆವು. ಕಾಕು ದಿನಾ ಅದರೆದುರು ಕೂತು ಇಂಗ್ಲಿಷ್ ಪತ್ರ ಟೈಪು ಮಾಡುವರು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಆ ಯಂತ್ರ ಕಲ್ಲಾಗಿ ಕೂರುತ್ತಿತ್ತು. ಅದೂ ಎಲ್ಲಿ? ಯಾವಾಗಲೂ "ವಿ ರಿಗ್ರೆಟ್ ಟು" ಎಂಬಲ್ಲಿ! ಯಾತಕ್ಕೆ ವಿಷಾದ ಎಂದು ಹೇಳದೆಯೇ ಪ್ರಾಣ ಬಿಡುವ ಯಂತ್ರವನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕಾಕಾ ಮುಚ್ಚಳ ಬಿಚ್ಚಿ, ಒಳಗಿನ ಪ್ರೊಸೆಸರ್ ಮೇಲೆ ಬೆರಳಿಟ್ಟರು. ಅದೇ ಕಂಪ್ಯೂಟರಿನ ಮಿದುಳಂತೆ, ಬಿಸ್ಕೀಟಿನಷ್ಟು ಅಗಲ. ಬೆರಳು ಚುರ್ ಎಂದಿತು. ಕಾಕಾ ಮುಖ ಅರಳಿತು!

"ಇದಕ್ಕ ಜ್ವರ ಬಂದದ!"

"ಟೇಬಲ್ ಫ್ಯಾನ್ ಇಡೂಣೇನು ಕಾಕಾ?" ಎಂದೆ.

"ಫ್ಯಾನ್ ಗಾಳಿ ಬೀಸ್ತದ ಖರೆ, ಎಲ್ಲಿಗಂತ ಅದಕ್ಕೇ ಗೊತ್ತಿರೂದಿಲ್ಲ. ನೀ ಮಾತಾಡಿದಂಗ. ಗಾಳಿಗೆ ದಾರಿ ಮಾಡಿಕೊಡಬೇಕಲೇ!"

ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನಕ್ಷೆ ತಯಾರಾಯಿತು. ಕಿಟಕಿಯ ಹತ್ತಿರ ಬಕೀಟಿನಷ್ಟು ಬಾಯಿ. ಬರಬರುತ್ತಾ ಸಣ್ಣದಾಗಿ, ಪ್ರೊಸೆಸರ್ ನೆತ್ತಿಗೆ ಬರುವಾಗ ಬಿಸ್ಕೀಟಿನಷ್ಟು ಮೂತಿ. ನಡುವೆ ಮೊಳಕೈಯಂಥ ಒಂದು ತಿರುವು. ಉದ್ದ ಐದಡಿ. ಅಂಧೇರಿಯಲ್ಲಿ ಟ್ರಂಕು ಮಾಡುವ ತಗಡಿನವನೊಬ್ಬ ಅದನ್ನು ಮಾಡಿಕೊಟ್ಟು, ಕೈಮುಗಿದು, ಇನ್ನೊಮ್ಮೆ ಬರಬೇಡಿ ಎಂದ.

ಆನೆಯ ಸೊಂಡಿಲಿನಂಥ ಅದನ್ನು ಹೊತ್ತುಕೊಂಡು ಸಂಜೆಯ ಲೋಕಲ್ ಹತ್ತುವುದೆಂದರೆ ಹುಡುಗಾಟವೇ? ಮೂರು ಗಾಡಿ ಬಿಟ್ಟೆವು. ನಾಲ್ಕನೆಯದು ದೂರದಲ್ಲಿ ಕಂಡಾಗ ನನಗೆ ತಡೆಯಲಾಗಲಿಲ್ಲ. ಡಕ್ಟಿನ ಸಣ್ಣ ಮೂತಿಗೆ ಬಾಯಿಟ್ಟು, ಸ್ಟೇಷನ್ನಿನ ಲೌಡ್‌ಸ್ಪೀಕರಿನದೇ ಮೂಗುದನಿಯಲ್ಲಿ, "ಯೇಣಾರಿ ಗಾಡಿ ದಹಿಸರ್‌ಲಾ ಥಾಂಬಣಾರ್ ನಾಹಿ" ಎಂದು ಕೂಗಿಬಿಟ್ಟೆ. ಈ ಗಾಡಿ ದಹಿಸರಿನಲ್ಲಿ ನಿಲ್ಲುವುದಿಲ್ಲ! ಅರ್ಧ ಪ್ಲಾಟ್‌ಫಾರ್ಮು ಹಿಂದೆ ಸರಿಯಿತು. ನಾವು ಆರಾಮಾಗಿ ಹತ್ತಿದೆವು. ಕಾಕಾ ಬಯ್ಯುತ್ತಾರೆಂದು ಕಿವಿ ಮುಚ್ಚಿಕೊಂಡರೆ, ಅವರು ಕೊಳವೆಯನ್ನು ತಟ್ಟಿ ಹೇಳಿದರು:

"ಆವಾಜ್ ಪೂರಾ ಆ ಕಡೆ ಹೋತು. ಅಂದ್ರ ಎಲ್ಲೂ ಲೀಕ್ ಇಲ್ಲ!"

ಡಕ್ಟ್ ಕೂಡಿತು. ಕಿಟಕಿಯ ಬಾಯಿಗೆ ಒಂದು ಸಣ್ಣ ಫ್ಯಾನು, ಮಿಕ್ಕ ಸಂದಿಗೆಲ್ಲ ರಟ್ಟು. ಮರುದಿನ ಭಾನುವಾರ, ಹನ್ನೊಂದಕ್ಕೆ ಫ್ಯಾನು ತಿರುಗಿದ್ದೇ ತಡ, ಕೋಣೆ ತುಂಬಾ ಹುರಿದ ಬೊಂಬಿಲ್ ಮೀನಿನ ಘಮ! ಕೆಳಗಿನ ಮನೆಯ ಅಡುಗೆಮನೆ ನಮ್ಮ ಕಿಟಕಿಯ ಸರಿಯಾಗಿ ಕೆಳಗಿತ್ತು. ಈರುಳ್ಳಿಯನ್ನೂ ಏಕಾದಶಿ ನೋಡಿ ಹೆಚ್ಚುವ ಮನೆ ನಮ್ಮದು.

"ರೀ! ನಿಮ್ಮ ಕಂಪ್ಯೂಟರ್ ಮೀನ ತಿನ್ಲಿಕ್ಹತ್ತದ!" ಕಾಕು ಸೆರಗು ಮೂಗಿಗೆ ಹಿಡಿದು ಕೂಗಿದರು.

"ವಾಸನಿ ಬಂತಂದ್ರ ಗಾಳಿ ಬಂತು. ನೀ ಟೈಪ್ ಮಾಡು."

ಮಾಡಿದರು. ಇಪ್ಪತ್ತು ನಿಮಿಷ ದಾಟಿತು, ನಲವತ್ತು ದಾಟಿತು. "ವಿ ರಿಗ್ರೆಟ್ ಟು" ದಾಟಿ, ಸರಕು ತಡವಾದದ್ದಕ್ಕೆ ವಿಷಾದ ಎಂಬುದು ಕೊನೆಗೂ ಲೋಕಕ್ಕೆ ಗೊತ್ತಾಯಿತು! ಆದರೆ ಇದ್ದೊಂದು ಕಿಟಕಿಯನ್ನು ಕಂಪ್ಯೂಟರಿಗೆ ಬರೆದುಕೊಟ್ಟ ಮೇಲೆ ನಮಗೇನು ಉಳಿಯಿತು? ಬೆವರು! ಯಂತ್ರ ಮಹಾಬಳೇಶ್ವರದ ತಂಪಿನಲ್ಲಿ, ನಾವು ಒಲೆಯ ಮೇಲೆ. ಕಾಕು ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಮೀನಿನ ಘಮದಲ್ಲಿ ಮಿಂದು, ಇಡೀ ತಿಂಗಳು ಅಭ್ಯಾಸ ಮಾಡಿದರು.

ನಿಮ್ಮನ್ನು ಕಾಯಿಸುವುದಿಲ್ಲ, ಫಲಿತಾಂಶ ಈಗಲೇ ಹೇಳಿಬಿಡುತ್ತೇನೆ: ಕಾಕು ಪಾಸು. ನಾಗಪುರ ತಪ್ಪಿತು. ಆದರೆ ನಾನು ಹೇಳಬೇಕೆಂದಿದ್ದು ಪರೀಕ್ಷೆಯ ದಿನದ ಮಾತು.

ಅವತ್ತು ಬೆಳಿಗ್ಗೆ ಕಾಕು ಖಡಾಖಂಡಿತ ಹೇಳಿದ್ದರು: "ನೀವು ಮಾತ್ರ ಬರಬ್ಯಾಡ್ರಿ. ಅಲ್ಲಿ ಮಾಡು ನೋಡಕೋತ ನಿಂತು ನನ್ನ ಮರ್ಯಾದಿ ತೆಗೀತೀರಿ." ಕಾಕಾ ತಲೆಯಾಡಿಸಿ, ಡಬ್ಬಿ ಹಿಡಿದು ಕೆಲಸಕ್ಕೆ ಹೋದರು. ಮಧ್ಯಾಹ್ನ ಒಂದಕ್ಕೆ, ಕಾಕುವನ್ನು ಕರೆತರಲು ನಾನು ಬಾಂದ್ರಾಕ್ಕೆ ಹೋದೆ. ಆಫೀಸಿನ ಗೇಟಿನಲ್ಲಿ ಕಾದು ಬೇಸತ್ತು, ನೆರಳು ಹುಡುಕುತ್ತಾ ಕಟ್ಟಡದ ಹಿಂದಿನ ಗಲ್ಲಿಗೆ ತಿರುಗಿದರೆ, ಅಲ್ಲಿ ಕಾಕಾ!

ಮೇಲೆ ಗೋಡೆಯಿಂದ ಹೊರಚಾಚಿದ ಏರ್ ಕಂಡಿಷನ್ನಿನ ಬೆನ್ನು. ಅದರಿಂದ ಬುಸುಬುಸು ಬಿಸಿಗಾಳಿ. ಕಾಕಾ ಒಂದು ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಒಂದು ಕೈಯನ್ನು ಆ ಗಾಳಿಗೆ ಒಡ್ಡಿದ್ದರು. ಅಂಗಿ ಬೆನ್ನಿಗಂಟಿತ್ತು. ಡಬ್ಬಿ ಹಾಗೇ ಪಕ್ಕದಲ್ಲಿತ್ತು.

"ಕಾಕಾ! ಇದೇನ್ರಿ ಇಲ್ಲಿ?"

"ಶ್! ಬಿಸಿ ಬರ್ಲಿಕ್ಹತ್ತದ. ಅಂದ್ರ ಒಳಗ ಆಕೀಗೆ ತಂಪದ."

"ಎಷ್ಟೊತ್ತಿಂದ ನಿಂತೀರಿ?"

"ಹತ್ತರಿಂದ. ನಡುವ ಒಮ್ಮೆ ಬಂದ್ ಆತು. ಓಡಿ ಹೋಗಿ ವಾಚ್‌ಮನ್‌ಗ ಹೇಳಿದೆ, ಮತ್ತ ಚಾಲೂ ಮಾಡಿದ್ರು." ಎನ್ನುತ್ತಾ ಕೈ ಇಳಿಸಿ, ಇನ್ನೊಂದು ಕೈ ಎತ್ತಿದರು. ಇಳಿದ ಅಂಗೈ ಕೆಂಪಗಾಗಿತ್ತು.

ನನ್ನ ನಾಲಿಗೆ ತುದಿಯಲ್ಲಿ ಒಂದಲ್ಲ, ಮೂರು ಚೇಷ್ಟೆ ಸಿದ್ಧವಾಗಿದ್ದವು. ಅವನ್ನು ನುಂಗಿ ಅಂಗಿಯ ತೋಳು ಮಡಚಿದೆ.

"ಇಳೀರಿ ಕಾಕಾ" ಎಂದೆ. "ಡಬ್ಬಿ ಉಣ್ರಿ. ಅಲ್ಲೀತನಕ ಗಾಳಿಗೆ ನಾ ಕೈ ಹಿಡೀತೀನಿ."